ಕಡೆಗೀಲಿನ ಕಥೆ

ಗಾಲಿಯನ್ನು ಕಂಡ ಜನಾಂಗಗಳೆಲ್ಲ ಗಾಲಿಯನ್ನು ಹೊಗಳಿವೆ. ಕಾಲವನ್ನು ಚಕ್ರವೆಂದರು, ಧರ್ಮವನ್ನು ಚಕ್ರವೆಂದರು, ಅರಸನನ್ನು ಚಕ್ರವರ್ತಿಯೆಂದರು. ಆದರೆ ಗಾಲಿಯನ್ನು ಮೊದಲು ಮಾಡಿದವನಿಗೆ ಅದರ ಬೆನ್ನಿಗೇ ಇನ್ನೊಂದು ಸಮಸ್ಯೆಯೂ ಎದುರಾಗಿರಬೇಕು. ಉರುಳುವುದೇ ಸ್ವಭಾವವಾದ ವಸ್ತುವನ್ನು ಉರುಳಿಹೋಗದಂತೆ ಹಿಡಿದಿಡುವುದು ಹೇಗೆ? ಗಾಲಿ ತಿರುಗಲೂ ಬೇಕು, ತನ್ನ ಜಾಗವನ್ನು ಬಿಟ್ಟು ಹೋಗಲೂ ಬಾರದು. ಈ ಎರಡು ಬೇಡಿಕೆಗಳನ್ನು ಏಕಕಾಲದಲ್ಲಿ ಪೂರೈಸಿದ್ದು ಬೆರಳುದ್ದದ ಒಂದು ಕೀಲು. ಗಾಲಿಯ ಇತಿಹಾಸವನ್ನು ಬರೆದವರು ಅನೇಕರು. ಆ ಕೀಲಿನ ಇತಿಹಾಸವನ್ನು, ಎತ್ತಿನ ಬಂಡಿಯಿಂದ ಹಿಡಿದು ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರಿನವರೆಗೆ, ಸಂಕ್ಷೇಪವಾಗಿ ನೋಡುವುದು ಈ ಭಾಷಣದ ಉದ್ದೇಶ.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಹೆಸರುಗಳುಂಟು. ಕಡೆ ಎಂದರೆ ತುದಿ. ಇರುಸಿನ ತುದಿಯಲ್ಲಿ ತೂರಿಸುವ ಕೀಲು ಕಡೆಗೀಲು. ವ್ಯಾಕರಣ ಓದಿದ ಹುಡುಗರು ಇಲ್ಲಿ ಆದೇಶಸಂಧಿಯನ್ನು ಗುರುತಿಸುತ್ತಾರೆ. ಅದೇ ತುದಿಯ ಆಣಿ ಕಡಾಣಿ. ಆಣಿ ಎಂಬ ಶಬ್ದ ಬಹು ಹಳೆಯದು. ಋಗ್ವೇದದಲ್ಲಿಯೇ ರಥದ ಅಚ್ಚಿನ ಕೀಲಿಗೆ ಆಣಿ ಎಂಬ ಮಾತು ಬಂದಿದೆ. ಅದು ದ್ರಾವಿಡದಿಂದ ಅಲ್ಲಿಗೆ ಹೋಯಿತೇ, ಅಲ್ಲಿಂದ ಇಲ್ಲಿಗೆ ಬಂದಿತೇ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಇನ್ನು ಕೀಲು ಎಂಬುದರ ಸಂಸಾರವಂತೂ ದೊಡ್ಡದು. ನಮ್ಮ ಮೈಯ ಸಂದುಗಳು ಕೀಲುಗಳು. ಬಂಡಿಗೆ ಹಾಕುವುದು ಕೀಲೆಣ್ಣೆ. ದಾವಣಗೆರೆಯ ಕಡೆಯಲ್ಲಿ ಬಾಗಿಲಿಗೆ ಹಾಕುವುದೂ ಕೀಲಿಯೇ. ಕೂಡಿಸುವುದು, ಕಾಯುವುದು, ಮುಚ್ಚುವುದು ಎಂಬ ಮೂರು ಅರ್ಥಗಳನ್ನೂ ಒಂದೇ ಮಾತಿನಲ್ಲಿ ನಮ್ಮ ಹಿರಿಯರು ಕಂಡಿದ್ದರು.

ನೇಕಾರನಾಗಿದ್ದ ಜೇಡರ ದಾಸಿಮಯ್ಯ ತನ್ನೊಂದು ವಚನದಲ್ಲಿ ಒಡಲನ್ನು ಬಂಡಿಗೆ ಹೋಲಿಸಿ, ಶರಣರ ನುಡಿಗಳನ್ನು ಅದರ ಕಡೆಗೀಲು ಎಂದು ಕರೆದಿದ್ದಾನೆ. ಆತ ಗಾಲಿಯನ್ನಾಗಲಿ, ಎತ್ತನ್ನಾಗಲಿ, ನೊಗವನ್ನಾಗಲಿ ಆರಿಸಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ಬಂಡಿಯಲ್ಲಿ ಎಲ್ಲಕ್ಕಿಂತ ಚಿಕ್ಕದಾದ, ಕಳೆದುಹೋದರೆ ಎಲ್ಲವನ್ನೂ ಕೆಡಹುವ ಭಾಗವನ್ನೇ ಆರಿಸಿದ. ನಮ್ಮ ಜನ ಹೇಳುವ ಕೈಕೇಯಿಯ ಕಥೆಯ ಒಳಗೂ ಇದೇ ತಿಳಿವಳಿಕೆಯಿದೆ. ಯುದ್ಧದ ನಡುವೆ ದಶರಥನ ರಥದ ಕೀಲು ಕಳಚಿದಾಗ ಆಕೆ ತನ್ನ ಬೆರಳನ್ನೇ ಕೀಲಾಗಿ ಇಟ್ಟಳಂತೆ. ವಾಲ್ಮೀಕಿಯಲ್ಲಿ ಈ ಬೆರಳಿನ ಮಾತಿಲ್ಲ. ಅಲ್ಲಿ ಆಕೆ ಮೂರ್ಛೆ ಹೋದ ಗಂಡನನ್ನು ರಣರಂಗದಿಂದ ಆಚೆ ಸಾಗಿಸಿ ಕಾಪಾಡುತ್ತಾಳೆ. ಬೆರಳನ್ನು ಸೇರಿಸಿದ್ದು ಬಂಡಿ ಹೂಡಿ ಬದುಕಿದ ಜನ. ಎರಡು ವರಗಳಿಗೆ ತೂಗುವ ಉಪಕಾರ ಯಾವುದು ಎಂದು ಯೋಚಿಸಿದಾಗ ಅವರಿಗೆ ಹೊಳೆದದ್ದು ಕಡಾಣಿ. ಗ್ರೀಕರ ಪುರಾಣದಲ್ಲಿ ಇದರ ತಿರುವು ಮುರುವಾದ ಕಥೆಯುಂಟು. ಓನೊಮೌಸ್ ಎಂಬ ಅರಸನ ಸಾರಥಿ ಮಿರ್ಟಿಲಸ್, ಎದುರಾಳಿಯಾದ ಪೆಲೊಪ್ಸನ ಆಮಿಷಕ್ಕೆ ಒಳಗಾಗಿ ಒಡೆಯನ ರಥದ ಕಂಚಿನ ಕೀಲುಗಳನ್ನು ತೆಗೆದು ಮೇಣದ ಕೀಲುಗಳನ್ನು ಇಟ್ಟ. ರಥ ವೇಗವಾಗಿ ಓಡಿದಂತೆ ಮೇಣ ಕರಗಿತು, ಗಾಲಿ ಕಳಚಿತು, ಅರಸ ಸತ್ತ. ಒಂದು ಕಥೆಯಲ್ಲಿ ಕೀಲು ನಿಷ್ಠೆಯ ಗುರುತು, ಇನ್ನೊಂದರಲ್ಲಿ ದ್ರೋಹದ ಗುರುತು. ಗಾಲಿಯ ಮೇಲೆ ಕುಳಿತವನ ಪ್ರಾಣ ಇನ್ನೊಬ್ಬರ ಕೈಯಲ್ಲಿದೆ ಎಂಬುದು ಎರಡಕ್ಕೂ ಸಮಾನವಾದ ಸತ್ಯ.

ಈಗ ಬಂಡಿಯ ಬಳಿಗೆ ಬರೋಣ. ನಮ್ಮ ಎತ್ತಿನ ಬಂಡಿಯಲ್ಲಿ ಇರುಸು ತಿರುಗುವುದಿಲ್ಲ. ಗಾಲಿ ಮಾತ್ರ ಅದರ ಸುತ್ತ ತಿರುಗುತ್ತದೆ. ಗಾಲಿಯ ನಡುವಿನ ಗುಂಭವನ್ನು ಇರುಸಿಗೆ ಪೋಣಿಸಿ, ಹೊರಗೆ ಉಳಿದ ತುದಿಯ ತೂತಿನಲ್ಲಿ ಮೇಲಿನಿಂದ ಕಡಾಣಿಯನ್ನು ಇಳಿಬಿಡುತ್ತಾರೆ. ಕಡಾಣಿಯ ತಲೆ ದಪ್ಪ, ಆದ್ದರಿಂದ ಅದು ಕೆಳಕ್ಕೆ ಜಾರದು. ಇರುಸು ತಿರುಗದೆ ನಿಂತಿರುವುದರಿಂದ ತೂತು ಸದಾ ನೆಟ್ಟಗಿರುತ್ತದೆ, ಆದ್ದರಿಂದ ಅದು ಮೇಲಕ್ಕೂ ಹಾರದು. ಭೂಮಿಯ ಸೆಳೆತವೇ ಇಲ್ಲಿ ಕಾವಲುಗಾರ. ಇಷ್ಟು ಸರಳವಾದ ಉಪಾಯ ಸಾವಿರಾರು ವರ್ಷ ನಡೆದುಬಂದದ್ದರಲ್ಲಿ ಆಶ್ಚರ್ಯವಿಲ್ಲ.

ದಾವಣಗೆರೆಯಂಥ ಊರು ಬೆಳೆದದ್ದು ಇಂಥ ಗಾಲಿಗಳ ಮೇಲೆ. ಹೈದರಾಲಿ ಈ ಊರನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆದು ನೆಲೆಗೊಳಿಸಿದ. 19ನೆಯ ಶತಮಾನದ ಹೊತ್ತಿಗೆ ಮಲೆನಾಡಿನ ಅಡಕೆ, ಮೆಣಸುಗಳು ಇಲ್ಲಿಗೆ ಬಂದು, ಇಲ್ಲಿಂದ ವಾಲಾಜಾಪೇಟೆ, ನೆಲ್ಲೂರು, ಮದರಾಸುಗಳಿಗೆ ಹೋಗುತ್ತಿದ್ದವು. ಹರಿಹರದಲ್ಲಿ ತುಂಗಭದ್ರೆಗೆ ಅಡ್ಡಲಾಗಿ 1868ರಲ್ಲಿ ಕಲ್ಲು ಇಟ್ಟಿಗೆಗಳ ಸೇತುವೆ ಮುಗಿಯಿತು. 14 ಕಮಾನುಗಳು, ಒಂದೊಂದರ ಹರವು 60 ಅಡಿ, ವೆಚ್ಚ ಸುಮಾರು 3 ಲಕ್ಷ ರೂಪಾಯಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಆ ಸೇತುವೆಯ ಮೇಲೆ ಹಾಯ್ದಿತು. ಹೇರು ಹೊತ್ತ ಬಂಡಿ ಇಷ್ಟು ದೂರ ಹೋಗಬೇಕಾದರೆ ಬಂಡಿಯವನಿಗೆ ಒಂದು ಅಭ್ಯಾಸ ಬೇಕಾಗಿತ್ತು. ಹೊರಡುವ ಮುನ್ನ ಎರಡೂ ಗಾಲಿಗಳ ಬಳಿಗೆ ಹೋಗಿ, ಕೀಲೆಣ್ಣೆ ಹಾಕಿ, ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡುವುದು. ಅದಕ್ಕೆ ಓದು ಬೇಕಿರಲಿಲ್ಲ, ಬೆಳಕೂ ಬೇಕಿರಲಿಲ್ಲ. ನಸುಕಿನ ಕತ್ತಲಲ್ಲಿ ಬೆರಳಿಗೆ ತಿಳಿಯುತ್ತಿತ್ತು.

ಈ ಅಭ್ಯಾಸದ ಬೆಲೆ ಎಷ್ಟೆಂಬುದನ್ನು ನಮ್ಮ ನೆರೆಯ ಕೊಟ್ಟೂರು ಇತ್ತೀಚಿನ ಕಾಲದಲ್ಲಿಯೇ ತೋರಿಸಿತು. ದಾವಣಗೆರೆಯಿಂದ ಪ್ರತಿವರ್ಷ ಸಾವಿರಾರು ಭಕ್ತರು ಕೊಟ್ಟೂರೇಶ್ವರನ ರಥೋತ್ಸವಕ್ಕೆ ಪಾದಯಾತ್ರೆ ಹೋಗುತ್ತಾರೆ. 2017ರ ಫೆಬ್ರವರಿಯಲ್ಲಿ ಆ ಮಹಾರಥ ಜನಸ್ತೋಮದ ನಡುವೆಯೇ ವಾಲಿ ಉರುಳಿತು, ಹಲವರು ಗಾಯಗೊಂಡರು. ಅಚ್ಚು ಮುರಿದದ್ದು ಕಾರಣವೆಂದು ಆಗ ವರದಿಯಾಯಿತು. ಮುಂದೆ ಹೊಸ ರಥವನ್ನು ಕಟ್ಟಿದರು. ರಥದ ಶಿಖರ, ಬಾವುಟ, ಹೂವಿನ ಹಾರಗಳನ್ನು ಎಲ್ಲರೂ ನೋಡುತ್ತಾರೆ. ಅಡಿಯ ಅಚ್ಚನ್ನು ನೋಡಬೇಕಾದವರು ಕೆಲವರೇ. ಆದರೆ ಸಾವಿರಾರು ಜನರ ಕ್ಷೇಮ ನಿಂತಿರುವುದು ಆ ಕೆಲವರ ನೋಟದ ಮೇಲೆ.

ಬಂಡಿಯ ಗಾಲಿಗೂ ಮೋಟಾರಿನ ಗಾಲಿಗೂ ನಡುವೆ ಸೇತುವೆಯಾಗಿ ನಿಂತದ್ದು ಸೈಕಲ್ಲು. ಬಂಡಿಯ ಗಾಲಿಯಲ್ಲಿ ಭಾರ ನೆಲದ ಕಡೆಯ ಮರದ ಅರೆಕಾಲುಗಳ ಮೇಲೆ ಕೂರುತ್ತದೆ. ಅವು ಕಂಬಗಳಂತೆ ಹೊರುತ್ತವೆ. ಇದಕ್ಕೆ ಬದಲಾಗಿ ಬಿಗಿದ ತಂತಿಗಳಿಂದ ಹಗುರವಾದ ಗಾಲಿಯನ್ನು ಮಾಡಬಹುದೆಂದು ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲಿಯೇ ಯೋಚಿಸಿದ್ದ. ಇಲ್ಲಿ ತಂತಿ ಕಂಬವಲ್ಲ, ಹಗ್ಗ. ಅದು ಹೊರುವುದು ತಳ್ಳಾಟದಿಂದಲ್ಲ, ಸೆಳೆತದಿಂದ. ಸೈಕಲ್ಲು ಈ ಗಾಲಿಯನ್ನು ಲೋಕಕ್ಕೆಲ್ಲ ಹರಡಿತು. ನಮ್ಮ ನಾಡಿನ ಯಂತ್ರೋದ್ಯಮದ ಒಂದು ದೊಡ್ಡ ಮನೆತನದ ಕಥೆಯೂ ಸೈಕಲ್ಲಿನಿಂದಲೇ ಮೊದಲಾಗುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿ. ಅಲ್ಲಿಂದ ಕಬ್ಬಿಣದ ನೇಗಿಲು, ಅಲ್ಲಿಂದ ಕಿರ್ಲೋಸ್ಕರವಾಡಿ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ. ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಗುವವರೆಗೆ ಅದು ಹೆಸರಾಗಿದ್ದದ್ದು ಲೇತುಗಳಿಗೆ. ಲೇತು ಮತ್ತು ಸೈಕಲ್ಲು ಎರಡನ್ನೂ ಇಲ್ಲಿ ಹೆಸರಿಸಿದ್ದಕ್ಕೆ ಕಾರಣವುಂಟು. ಮುಂದಿನ ಕೀಲಿನ ರಹಸ್ಯ ಅವೆರಡರ ನಡುವೆ ಅಡಗಿದೆ.

ಮೋಟಾರು ಬಂದ ಮೊದಲ ವರ್ಷಗಳಲ್ಲಿ ರಸ್ತೆಗಳು ಕುದುರೆಯ ಲಾಳದ ಮೊಳೆಗಳಿಂದ ತುಂಬಿದ್ದವು. ಪಂಕ್ಚರು ದಿನನಿತ್ಯದ ಮಾತು. ಗಾಲಿ ಕಾರಿಗೇ ಅಂಟಿಕೊಂಡಿದ್ದರಿಂದ ದಾರಿಯ ಬದಿಯಲ್ಲಿ ಕುಳಿತು ಟೈರನ್ನು ಬಿಚ್ಚಬೇಕಾಗಿತ್ತು. ಇಡೀ ಗಾಲಿಯನ್ನೇ ಕಳಚಿ ಇನ್ನೊಂದನ್ನು ತೊಡಿಸುವಂತಿದ್ದರೆ ಎಂದು ಯೋಚಿಸಿದ್ದು ಸೈಕಲ್ಲು ಮಾಡುತ್ತಿದ್ದ ಕಾವೆಂಟ್ರಿಯ ರಡ್ಜ್-ವಿಟ್‌ವರ್ತ್ ಸಂಸ್ಥೆ. ಅಚ್ಚಿನ ತುದಿಯ ಮೇಲೆ ಉದ್ದುದ್ದನೆಯ ಹಲ್ಲುಗಳು, ತಂತಿಗಾಲಿಯ ಗುಂಭದೊಳಗೆ ಅದಕ್ಕೆ ಹೊಂದುವ ಹಲ್ಲುಗಳು, ಹೊರಗಿನಿಂದ ಬಿಗಿಯಲು ನಡುವೆ ಒಂದೇ ಒಂದು ದೊಡ್ಡ ನಟ್ಟು. ಈ ಗಾಲಿಯನ್ನು ಎಷ್ಟು ಬೇಗ ಬದಲಿಸಬಹುದಾಗಿತ್ತೆಂದರೆ, 1908ರ ಫ್ರಾನ್ಸಿನ ಮಹಾಪಂದ್ಯದಲ್ಲಿ ಅದನ್ನು ನಿಷೇಧಿಸಿದರು. ಅದನ್ನು ನಂಬಿದ್ದ ಇಂಗ್ಲೆಂಡಿನ ನೇಪಿಯರ್ ಕಾರುಗಳು ಪಂದ್ಯದಿಂದ ಹಿಂದೆ ಸರಿದವು. ಮುಂದೆ ಸ್ಪೋರ್ಟ್ಸ್ ಕಾರೆಂದರೆ ಈ ಗಾಲಿಯೇ ಎಂಬಂತಾಯಿತು. 1945ರಿಂದ 1949ರವರೆಗೆ ಸುಮಾರು 10,000 ಸಂಖ್ಯೆಯಲ್ಲಿ ತಯಾರಾದ ಎಂಜಿ ಟಿಸಿ ಎಂಬ ಪುಟ್ಟ ಕಾರು ತನ್ನ 19 ಅಂಗುಲದ ತಂತಿಗಾಲಿಗಳ ಮೇಲೆಯೇ ಹೆಸರು ಪಡೆಯಿತು. ಅದರ ನಡುವಿನ ನಟ್ಟಿಗೆ ಎರಡು ರೆಕ್ಕೆಗಳು. ಪಾನೆ ಬೇಡ, ತಾಮ್ರದ ಸುತ್ತಿಗೆಯಿಂದ ರೆಕ್ಕೆಗೆ ನಾಲ್ಕು ಏಟು ಹಾಕಿದರೆ ಬಿಗಿ, ಎದುರು ದಿಕ್ಕಿಗೆ ಹಾಕಿದರೆ ಸಡಿಲ.

ಆದರೆ ಇಲ್ಲಿ ಕಡಾಣಿಯ ಹಳೆಯ ಕಾವಲುಗಾರ ಇಲ್ಲ. ಬಂಡಿಯ ಕೀಲು ನಿಂತ ಇರುಸಿನಲ್ಲಿತ್ತು. ಈ ನಟ್ಟು ಗಾಲಿಯೊಡನೆ ತಾನೂ ತಿರುಗುತ್ತದೆ. ಭೂಮಿಯ ಸೆಳೆತ ಇದನ್ನು ಕಾಯದು. ಹಾಗಾದರೆ ನೂರಾರು ಮೈಲಿ ತಿರುಗಿದ ಮೇಲೂ ಅದು ಕಳಚದಿರುವುದು ಹೇಗೆ? ಉಪಾಯ ತಿರುಪಿನ ದಿಕ್ಕಿನಲ್ಲಿದೆ. ಕಾರಿನ ಎಡಬದಿಯ ಗಾಲಿಗಳಿಗೆ ಸಾಮಾನ್ಯವಾದ ಬಲ ತಿರುಪು. ಬಲಬದಿಯ ಗಾಲಿಗಳಿಗೆ ಎಡ ತಿರುಪು, ನಮ್ಮ ಕಾರ್ಖಾನೆಯವರು ಉಲ್ಟಾ ಥ್ರೆಡ್ಡು ಎನ್ನುವಂಥದು. ಒಟ್ಟಿನಲ್ಲಿ, ಗಾಲಿ ಮುಂದಕ್ಕೆ ಉರುಳುವ ದಿಕ್ಕಿಗೆ ನಟ್ಟನ್ನು ತಿರುಗಿಸಿದರೆ ಅದು ಬಿಚ್ಚಬೇಕು, ಎದುರು ದಿಕ್ಕಿಗೆ ತಿರುಗಿಸಿದರೆ ಬಿಗಿಯಬೇಕು.

ಇದು ಮೇಲುನೋಟಕ್ಕೆ ತಲೆಕೆಳಗಾದ ಏರ್ಪಾಡಿನಂತೆ ಕಾಣುತ್ತದೆ. ಮುಂದಕ್ಕೆ ಉರುಳುವ ಗಾಲಿ ನಟ್ಟನ್ನೂ ಮುಂದಕ್ಕೇ ಎಳೆದು ಬಿಚ್ಚಿಬಿಡುವುದಿಲ್ಲವೆ ಎಂಬ ಶಂಕೆ ಸಹಜ. ಕೇಳುಗರು ಒಂದು ಚಿಕ್ಕ ಪ್ರಯೋಗವನ್ನು ಮಾಡಬಹುದು. ಒಂದು ಪೆನ್ಸಿಲನ್ನು ಎಡಗೈಯ ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಅದರ ಹೊರತುದಿಯನ್ನು ಬಲಗೈಯ ಬೆರಳಿನಿಂದ ಒತ್ತಿ ದುಂಡಗೆ ಸುತ್ತಿಸಿ. ತುದಿ ಯಾವ ದಿಕ್ಕಿಗೆ ಸುತ್ತುತ್ತದೆಯೋ ಅದಕ್ಕೆ ವಿರುದ್ಧವಾದ ದಿಕ್ಕಿಗೆ ಪೆನ್ಸಿಲು ತನ್ನ ಮೈಯನ್ನು ಮೆಲ್ಲನೆ ಹೊರಳಿಸುತ್ತದೆ. ಗಾಲಿಯ ಗುಂಭಕ್ಕೂ ನಟ್ಟಿಗೂ ನಡುವೆ ಕೂದಲೆಳೆಯಷ್ಟು ಸಡಿಲವಿದ್ದರೆ ಸಾಕು. ಭಾರ ಸುತ್ತುತ್ತ ಹೋದಂತೆ ನಟ್ಟು ಹೀಗೆಯೇ ಹಿಂದಕ್ಕೆ ಉರುಳಿ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ. ಸೈಕಲ್ ಅಂಗಡಿಯ ಹುಡುಗನಿಗೆ ಇದು ಹೊಸದಲ್ಲ. ಎಡಗಾಲಿನ ಪೆಡಲಿಗೆ ಉಲ್ಟಾ ಥ್ರೆಡ್ಡು ಎಂದು ಅವನು ಬಲ್ಲ. ಅದಕ್ಕೂ ಕಾರಣ ಇದೇ. ಅಂಥ ತಿರುಪನ್ನು ಕೊರೆಯುವುದು ಲೇತಿಗೆ ಕಷ್ಟವೂ ಅಲ್ಲ. ಒಂದು ಹಿಡಿಯನ್ನು ಆಚೆಗೆ ಸರಿಸಿದರೆ ಕೊರೆಯುವ ಉಳಿ ಎದುರು ದಿಕ್ಕಿಗೆ ಸಾಗುತ್ತದೆ, ಅಷ್ಟೆ.

ಕಷ್ಟವಿರುವುದು ಬೇರೆಡೆಯಲ್ಲಿ. ಹಳೆಯ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವವನು ಎಡದ ಅಚ್ಚುತುದಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದನೆಂದು ಇಟ್ಟುಕೊಳ್ಳಿ. ಎಲ್ಲವೂ ಹೊಂದುತ್ತದೆ, ನಟ್ಟು ಕೂರುತ್ತದೆ, ಸುತ್ತಿಗೆಯ ಏಟಿಗೆ ಬಿಗಿಯುತ್ತದೆ. ನೋಡುವವನ ಕಣ್ಣಿಗೆ ಯಾವ ದೋಷವೂ ಕಾಣದು. ಆದರೆ ಕಾರು ಓಡಿದಷ್ಟೂ ನಟ್ಟು ಬಿಚ್ಚುತ್ತಲೇ ಹೋಗುತ್ತದೆ. ಮಿರ್ಟಿಲಸನ ಮೇಣದ ಕೀಲಿಗೂ ಇದಕ್ಕೂ ವ್ಯತ್ಯಾಸ ಕಡಮೆ. ಅಲ್ಲಿ ದ್ರೋಹವಿತ್ತು, ಇಲ್ಲಿ ಅಜ್ಞಾನವಿದೆ. ಹಾಗೆಯೇ ಗುಂಭದೊಳಗಿನ ಹಲ್ಲುಗಳು ಸವೆದರೆ ಬ್ರೇಕು ಹಾಕಿದಾಗ ಟಕ್ಕೆಂದು ಸದ್ದು ಬರುತ್ತದೆ; ಆ ಸದ್ದನ್ನು ಅಲಕ್ಷಿಸಿದವನ ಗಾಲಿ ಒಂದು ದಿನ ಅಚ್ಚಿನ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಬಲ್ಲವರು ತಂತಿಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಾರೆ. ಬಿಗಿಯಾದ ತಂತಿ ವೀಣೆಯ ತಂತಿಯಂತೆ ನುಡಿಯುತ್ತದೆ; ಸಡಿಲವಾದದ್ದು ಮಂಕಾಗಿ ಗೊಟಗುಟ್ಟುತ್ತದೆ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹವನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಅಂಥ ವಾಹನಗಳ ಮುಂದೆ ನಿಂತಾಗ ಬಣ್ಣವನ್ನೂ ದೀಪಗಳನ್ನೂ ನೋಡಿದ ಮೇಲೆ ಗಾಲಿಯ ನಡುವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಆ ಕಾಲದ ಬುದ್ಧಿ ಮತ್ತು ಭಯ ಎರಡೂ ಅಲ್ಲಿವೆ.

ಇಷ್ಟು ಹೊತ್ತು ಹೇಳಿದ್ದು ಏರಿದವನ ಕ್ಷೇಮದ ಮಾತು. ಗಾಲಿಯ ಹೊರಗೆ ಇನ್ನೊಬ್ಬನಿದ್ದಾನೆ, ದಾರಿಹೋಕ. ಮಗಧದ ಅಜಾತಶತ್ರು ವಜ್ಜಿಗಳ ಮೇಲೆ ಯುದ್ಧಕ್ಕೆ ಹೋದಾಗ ರಥಮುಸಲವೆಂಬ ಯಂತ್ರವನ್ನು ಬಳಸಿದನೆಂದು ಜೈನಾಗಮಗಳು ಹೇಳುತ್ತವೆ. ಒನಕೆ ಕಟ್ಟಿದ ಆ ರಥ ಓಡಿದೆಡೆಯಲ್ಲೆಲ್ಲ ಜನರನ್ನು ಬಡಿದು ಕೆಡಹುತ್ತಿತ್ತಂತೆ. ಪರ್ಷಿಯದ ದಾರಯಸನ ಸೇನೆಯಲ್ಲಿ, ಕ್ರಿ.ಪೂ. 331ರ ಗೌಗಮೇಲಾ ಯುದ್ಧದಲ್ಲಿ, ಕುಡುಗೋಲು ಕಟ್ಟಿದ ರಥಗಳಿದ್ದವು. ಅವರು ಬೇಕೆಂದೇ ಮಾಡಿದ್ದನ್ನು ಸ್ಪೋರ್ಟ್ಸ್ ಕಾರು ತನಗೆ ಅರಿವಿಲ್ಲದೆ ಮಾಡುತ್ತಿತ್ತು. ಗಾಲಿಯಿಂದ ಹೊರಚಾಚಿದ ಲೋಹದ ರೆಕ್ಕೆ, ಕಾರು ಓಡುವಾಗ ಸುತ್ತುವ ಕತ್ತಿ. ಪಕ್ಕದಲ್ಲಿ ನಡೆಯುವವನ ಕಾಲಿಗೆ, ಸೈಕಲ್ಲಿನವನ ಮೊಣಕಾಲಿಗೆ ಅದು ಎಷ್ಟು ಹತ್ತಿರ ಎಂದು ಕಾರಿನೊಳಗೆ ಕುಳಿತವನಿಗೆ ಕಾಣುತ್ತಿರಲಿಲ್ಲ.

ಅಮೆರಿಕದಲ್ಲಿ ರಾಲ್ಫ್ ನೇಡರ್ 1965ರಲ್ಲಿ ಬರೆದ ಗ್ರಂಥವೊಂದು ಮೋಟಾರು ತಯಾರಕರು ಪ್ರಾಣಕ್ಕಿಂತ ಸೊಗಸಿಗೆ ಬೆಲೆ ಕೊಡುತ್ತಿದ್ದಾರೆಂದು ಆಪಾದಿಸಿತು; ಕಾರಿನ ಚೂಪಾದ ಅಲಂಕಾರಗಳು ಪಾದಚಾರಿಗಳನ್ನು ಇರಿಯುವುದನ್ನೂ ಅದು ಎತ್ತಿ ಹೇಳಿತು. 1966ರಲ್ಲಿ ಅಲ್ಲಿ ವಾಹನ ಸುರಕ್ಷತೆಯ ಶಾಸನ ಬಂತು. 1968ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ ಗಾಲಿಯ ನಟ್ಟಿಗಾಗಲಿ ಮುಚ್ಚಳಕ್ಕಾಗಲಿ ರೆಕ್ಕೆಯಂತೆ ಚಾಚಿದ ಭಾಗ ಇರಕೂಡದೆಂದಾಯಿತು. ಇಂಗ್ಲೆಂಡಿನ ಎಂಜಿ ಕಾರುಗಳ ದೊಡ್ಡ ಮಾರುಕಟ್ಟೆ ಅಮೆರಿಕವೇ ಆಗಿದ್ದುದರಿಂದ, ಅಲ್ಲಿಗೆ ಹೋಗುವ ಕಾರುಗಳ ನಟ್ಟು ರೆಕ್ಕೆ ಕಳೆದುಕೊಂಡು ಎಂಟು ಮೂಲೆಯದಾಯಿತು. ಸುತ್ತಿಗೆಯೊಂದೇ ಸಾಲದೆ, ಅದರ ಮೂಲೆಗಳಿಗೆ ಹೊಂದುವ ಬೇರೆ ಪಾನೆಯನ್ನೂ ಇಟ್ಟುಕೊಳ್ಳಬೇಕಾಯಿತು. ಸೊಗಸು ಹೋಯಿತೆಂದು ರಸಿಕರು ಮರುಗಿದರು. ಆ ನಿಯಮವನ್ನು 1996ರಲ್ಲಿ ಕೈಬಿಟ್ಟರು. ಅಷ್ಟರಲ್ಲಿ ರೆಕ್ಕೆ ನಟ್ಟಿನ ಕಾಲವೇ ಕಳೆದಿತ್ತು. ಆದರೆ ಆ ನಿಯಮ ಒಂದು ತತ್ತ್ವವನ್ನು ಹೇಳಿತ್ತು. ಗಾಲಿ ಕಳಚದಂತೆ ನೋಡಿಕೊಳ್ಳುವುದು ಅರ್ಧ ಧರ್ಮ. ಅದನ್ನು ಹಿಡಿದ ಕೀಲು ಇನ್ನೊಬ್ಬನಿಗೆ ತಾಗದಂತೆ ನೋಡಿಕೊಳ್ಳುವುದು ಉಳಿದರ್ಧ.

ಇಂದು ದಾವಣಗೆರೆಯ ಎಸ್.ಎಸ್. ಬಡಾವಣೆಯಂಥ ಕಡೆಯಲ್ಲಿ ಮನೆಮನೆಯ ಮುಂದೆ ಕಾರು ನಿಂತಿದೆ. ಎಂಜಿ ಎಂಬ ಆ ಹಳೆಯ ಹೆಸರನ್ನೇ ಹೊತ್ತ ಕಾರುಗಳೂ 2019ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿವೆ. ಹಳೆಯ ಟಿಸಿಗೂ ಅವಕ್ಕೂ ಹೆಸರಿನ ಹೊರತು ಹೆಚ್ಚಿನ ನಂಟಿಲ್ಲ. ಈಗ ಗಾಲಿಯನ್ನು ಹಿಡಿದಿರುವುದು ನಾಲ್ಕೈದು ಸಣ್ಣ ನಟ್ಟುಗಳು. ಪಂಕ್ಚರಾದರೆ ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಗಾಳಿಯಂತ್ರದಿಂದ ಕ್ಷಣಾರ್ಧದಲ್ಲಿ ಅವುಗಳನ್ನು ಬಿಗಿದು ಕೊಡುತ್ತಾರೆ. ಮಾಲೀಕ ಕಾರಿನಿಂದ ಇಳಿಯುವುದೂ ಇಲ್ಲ. ಆದರೆ ಯಂತ್ರಶಾಸ್ತ್ರ ಹೇಳುವುದೇ ಬೇರೆ. ನಟ್ಟುಗಳನ್ನು ಒಂದರ ಪಕ್ಕದಲ್ಲಿ ಒಂದರಂತೆ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಗಾಲಿ ಕೂರುವ ಜಾಗದಲ್ಲಿ ತುಕ್ಕು ಮಣ್ಣುಗಳಿರಬಾರದು. ಕಡಮೆ ಬಿಗಿದರೆ ಸಡಿಲವಾಗುತ್ತದೆ, ಅತಿಯಾಗಿ ಬಿಗಿದರೆ ಬೋಲ್ಟು ಎಳೆದು ಸೋಲುತ್ತದೆ. ಗಾಲಿ ಬದಲಿಸಿದ ಮೇಲೆ ಮೊದಲ 100 ಕಿಲೋಮೀಟರಿನೊಳಗೆ ಮತ್ತೊಮ್ಮೆ ಪಾನೆ ಹಾಕಿ ನೋಡಬೇಕು. ಹೀಗೆ ನೋಡುವವರು ಎಷ್ಟು ಜನ?

ಬಂಡಿಯವನ ಕಡಾಣಿ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು. ರೆಕ್ಕೆಯ ನಟ್ಟೂ ಕಾಣುತ್ತಿತ್ತು. ಇಂದಿನ ಕೀಲುಗಳು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಮರೆಯಾಗಿವೆ. ಅವು ಮೊದಲಿಗಿಂತ ಗಟ್ಟಿ, ಮೊದಲಿಗಿಂತ ನಿಖರ, ಇದರಲ್ಲಿ ಸಂದೇಹವಿಲ್ಲ. ಆದರೆ ಕೀಲು ಕಣ್ಮರೆಯಾದಂತೆ ಅದನ್ನು ಮುಟ್ಟಿ ನೋಡುವ ಕರ್ತವ್ಯವೂ ನಮ್ಮ ಮನಸ್ಸಿನಿಂದ ಮರೆಯಾಯಿತು. ಅಂದು ಬಂಡಿ ಹರಿಯುತ್ತಿದ್ದದ್ದು ಎತ್ತಿನ ನಡಿಗೆಯ ವೇಗದಲ್ಲಿ. ಕಡಾಣಿ ಬಿದ್ದರೆ ಹೇರು ಚೆಲ್ಲುತ್ತಿತ್ತು, ಬಹುಶಃ ಒಬ್ಬನ ಕಾಲು ಮುರಿಯುತ್ತಿತ್ತು. ಇಂದು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರು ಓಡುವ ಕಾರಿನಿಂದ ಕಳಚಿದ ಗಾಲಿ ಏರಿದವರನ್ನಷ್ಟೇ ಅಲ್ಲ, ಎದುರಿಗೆ ಬರುವವರನ್ನೂ ಬಲಿ ತೆಗೆದುಕೊಳ್ಳಬಲ್ಲದು. ವೇಗ ಹೆಚ್ಚಿದಂತೆ ಎಚ್ಚರ ಹೆಚ್ಚಬೇಕಾಗಿತ್ತು, ಕಡಮೆಯಾಗಿದೆ.

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ದೂರದ ಊರಿಗೆ ಹೊರಡುವ ಮುನ್ನ ಕಾರಿನ ಸುತ್ತ ಒಂದು ಸುತ್ತು ಬಂದು, ನಾಲ್ಕು ಗಾಲಿಗಳನ್ನೂ ನೋಡಿ, ನಟ್ಟುಗಳಿಗೆ ಒಮ್ಮೆ ಪಾನೆ ತಾಗಿಸಿದರೆ ಸಾಕು. ಐದು ನಿಮಿಷದ ಕೆಲಸ. ಅದನ್ನು ಚಾಲಕನಿಗೋ ಅಂಗಡಿಯವನಿಗೋ ವಹಿಸಿದ್ದರೂ ಆಯಿತು, ಆದರೆ ಯಾರೋ ಒಬ್ಬರು ಅದನ್ನು ತಮ್ಮ ಕೆಲಸವೆಂದು ಒಪ್ಪಿಕೊಂಡಿರಬೇಕು. ಮನೆಯವರೆಲ್ಲ ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಳ್ಳುವ ಮೊದಲು, ಗಾಲಿಯನ್ನು ನೋಡಿದವರು ಯಾರು ಎಂದು ಒಬ್ಬರು ಕೇಳುವ ಪದ್ಧತಿ ನಮ್ಮ ಮನೆಗಳಲ್ಲಿ ಬೆಳೆಯಲಿ.